ಹಸುವಿನ ಹೊಟ್ಟೆಗೆ ಯೀಸ್ಟ್ ಯಾಕೆ?

ಮದುವೆಯಲ್ಲಿ ಮಿಕ್ಕ ಅನ್ನ ದಂಡವಾಗಬಾರದು ಎಂದು ಬಕೆಟ್‌ಗಟ್ಟಲೆ ಹಸುವಿನ ಮುಂದೆ ಸುರಿಯುವುದುಂಟು. ಮಾರನೇ ದಿನ ನೋಡಿದರೆ ಹಸು ಮೇವು ಮುಟ್ಟುತ್ತಿರುವುದಿಲ್ಲ. ಮೆಲುಕು ನಿಂತಿರುತ್ತದೆ, ಸಗಣಿ ನೀರಾಗಿ ಹುಳಿ ವಾಸನೆ ಹೊಡೆಯುತ್ತದೆ. ಅನ್ನದ ಪಿಷ್ಟ ಬೇಗ ಹುಳಿತು, ಹಸುವಿನ ನಾಲ್ಕು ಭಾಗದ ಹೊಟ್ಟೆಯಲ್ಲಿ ಮೇವು ಹುದುಗುವ ಮೊದಲ ಭಾಗದಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿಕೊಂಡಿರುತ್ತದೆ. ಡಾಕ್ಟರನ್ನು ಕರೆಸುವುದು ತಡವಾದರೆ ಹಸುವೇ ಉಳಿಯದು. ಹಾಲಿನ ಆಸೆಗೆ ಹುಲ್ಲು ಕಡಿಮೆ ಮಾಡಿ ಜೋಳದ ನುಚ್ಚು ಜಾಸ್ತಿ ಹಾಕುವ ಕೊಟ್ಟಿಗೆಯಲ್ಲಿ ಇದೇ ತೊಂದರೆ ಕಣ್ಣಿಗೆ ಬೀಳದಷ್ಟು ಸಣ್ಣದಾಗಿ ದಿನಾ ನಡೆಯುತ್ತಿರುತ್ತದೆ.

ಬ್ರೆಡ್ ಉಬ್ಬಿಸುವ ಅದೇ ಜಾತಿಯ ಯೀಸ್ಟ್ ಉಪಯೋಗಕ್ಕೆ ಬರುವುದು ಇಲ್ಲಿ. ಬೂಷ್ಟಿನ ಹಾಗೆ ಯೀಸ್ಟ್ ಕೂಡ ಶಿಲೀಂಧ್ರವೇ. ಅದು ತಾನಾಗಿ ಹಾಲು ಹೆಚ್ಚಿಸುವ ಟಾನಿಕ್ ಅಲ್ಲ. ಹುಲ್ಲಿನ ನಾರನ್ನು ಅರಗಿಸುವ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಕಂಡರಾಗದು. ಆದರೆ ಮೇವು, ನೀರು, ಜೊಲ್ಲಿನ ಜೊತೆ ಒಂದಿಷ್ಟು ಒಳಗೆ ಹೋಗೇ ಹೋಗುತ್ತದೆ. ಜೀವಂತ ಯೀಸ್ಟ್ ಅದನ್ನು ಹೀರಿಕೊಳ್ಳುತ್ತದೆ. ಲ್ಯಾಕ್ಟಿಕ್ ಆಮ್ಲವನ್ನು ತಿಂದು ಬದುಕುವ ಬ್ಯಾಕ್ಟೀರಿಯಾಗಳಿಗೂ ಬಲ ಕೊಡುತ್ತದೆ. ಹುಳಿ ಇಳಿಯುತ್ತದೆ, ನಾರು ಚೆನ್ನಾಗಿ ಅರಗುತ್ತದೆ, ಹಸು ಸ್ವಲ್ಪ ಹೆಚ್ಚು ತಿನ್ನುತ್ತದೆ.

ಸರಿ, ಹಾಲೆಷ್ಟು ಏರುತ್ತೆ? 2009ರಲ್ಲಿ ಫ್ರಾನ್ಸಿನ ಸಂಶೋಧಕರು ನೂರಕ್ಕೂ ಹೆಚ್ಚು ಪ್ರಬಂಧಗಳ ಅಂಕಿಅಂಶ ಒಟ್ಟುಗೂಡಿಸಿ ನೋಡಿದರು. ಸರಾಸರಿ ಏರಿಕೆ, ಹಸುವಿನ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2 ಗ್ರಾಂ ಹಾಲು. 400 ಕಿಲೋ ತೂಗುವ ಹಸುವಿಗೆ ಲೆಕ್ಕ ಹಾಕಿದರೆ ಅರ್ಧ ಲೀಟರೂ ಆಗುವುದಿಲ್ಲ. ಆ ಅರ್ಧ ಲೀಟರಿನ ದುಡ್ಡು ಯೀಸ್ಟ್ ಪುಡಿಯ ಖರ್ಚಿಗಿಂತ ಜಾಸ್ತಿ ಇದ್ದರೆ ಮಾತ್ರ ಲಾಭ, ಅಲ್ವಾ? ಹುಳಿ ತಗ್ಗಿಸುವ ಗುಣವೂ ನುಚ್ಚು, ಪಶು ಆಹಾರ ಹೆಚ್ಚು ತಿನ್ನುವ ಹಸುವಿನಲ್ಲೇ ಚೆನ್ನಾಗಿ ಕಂಡಿದೆ. ಬರೀ ರಾಗಿ ಹುಲ್ಲು ತಿಂದು ಎರಡು ಲೀಟರ್ ಕೊಡುವ ಹಸುವಿಗೆ ಇದನ್ನು ಕೊಡುವುದು ಸುಮ್ನೆ ದಂಡ ಎಂದೇ ನನಗನಿಸುತ್ತದೆ. ಕೊಡುವುದಾದರೆ ದಿನವೂ ಕೊಡಬೇಕು. ಯೀಸ್ಟ್ ಆ ಹೊಟ್ಟೆಯಲ್ಲಿ ನೆಲೆ ನಿಲ್ಲುವುದಿಲ್ಲ.

ಸೋಯಾ ಸಾಸ್ ಹುದುಗಿಸುವ ಆಸ್ಪರ್ಜಿಲಸ್ ಒರೈಜೀ ಎಂಬ ಬೂಷ್ಟಿನ ಸಾರವನ್ನೂ ಹೀಗೇ ಮೇವಿಗೆ ಬೆರೆಸುತ್ತಾರೆ. ಹಾಗಂತ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯೂ ಒಳ್ಳೆಯದು ಅಂದುಕೊಳ್ಳಬೇಡಿ. ಅದರಲ್ಲಿ ಬೆಳೆಯುವುದು ಇದರ ದಾಯಾದಿ, ಆಸ್ಪರ್ಜಿಲಸ್ ಫ್ಲೇವಸ್. ಅದರ ಅಫ್ಲಾಟಾಕ್ಸಿನ್ ವಿಷ ಹಸುವಿನ ಲಿವರನ್ನು ಕೆಡಿಸುವುದಲ್ಲದೆ ಹಾಲಿಗೂ ಇಳಿಯುತ್ತದೆ. ಕಾಯಿಸಿದರೂ ಹೋಗುವುದಿಲ್ಲ.