ಕಾರಣ ಹೇಳದೆ ಸೇನೆಗೆ ಹೋದ ಟಿಲ್ಮನ್

ನಮ್ಮಲ್ಲಿ ದಾರಿ ಉಲ್ಟಾ. ಮಿಲ್ಖಾ ಸಿಂಗ್ ಓಟ ಕಲಿತದ್ದೇ ಸೇನೆ ಸೇರಿದ ಮೇಲೆ. ನೀರಜ್ ಚೋಪ್ರಾಗೆ ಸೇನೆಯ ಕೆಲಸ ಕೊಡಿಸಿದ್ದು ಜಾವೆಲಿನ್. ಆದರೆ ಕೋಟಿಗಟ್ಟಲೆ ಬರುವ ಆಟ ಬಿಟ್ಟು ಸಾಮಾನ್ಯ ಸಿಪಾಯಿಯಾಗಿ ಹೋಗೋದು? ಅಮೆರಿಕದ ಪ್ಯಾಟ್ ಟಿಲ್ಮನ್ ಹಾಗೆ ಹೋದ.

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಆಟಗಾರರು ಸೇನೆಗೆ ಹೋಗಿದ್ದು ವಿಶೇಷವೇನಲ್ಲ. ಬೇಸ್‌ಬಾಲ್‌ನ ದೊಡ್ಡ ಹೆಸರು ಬಾಬ್ ಫೆಲರ್ ಪರ್ಲ್ ಹಾರ್ಬರ್ ದಾಳಿಯ ಬೆನ್ನಲ್ಲೇ ನೌಕಾಪಡೆ ಸೇರಿದ್ದ. ಆದರೆ 1973ರಲ್ಲಿ ಕಡ್ಡಾಯ ಸೇನಾ ಭರ್ತಿ ನಿಂತಿತು. ಆಮೇಲೆ ಯುದ್ಧ ಬೇರೆಯವರ ಮನೆ ಮಕ್ಕಳ ಕೆಲಸವಾಯಿತು.

ಟಿಲ್ಮನ್ 1998ರಲ್ಲಿ ಅರಿಜೋನಾ ಕಾರ್ಡಿನಲ್ಸ್ ಅನ್ನೋ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಆಯ್ಕೆಯಾದಾಗ, ತಂಡಗಳು ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸುವ ಆ ಪಟ್ಟಿಯಲ್ಲಿ ಅವನ ಸರದಿ ಬಂದದ್ದು 226ನೆಯದಾಗಿ. ಹಣಕ್ಕೆ ಬಗ್ಗುವ ಆಳಲ್ಲ. 2001ರಲ್ಲಿ ಇನ್ನೊಂದು ತಂಡ 90 ಲಕ್ಷ ಡಾಲರ್ ಮುಂದಿಟ್ಟರೂ ತನ್ನ ತಂಡ ಬಿಡಲಿಲ್ಲ. ಅದೇ ವರ್ಷ ಸೆಪ್ಟೆಂಬರ್ 11ರ ದಾಳಿ ನಡೆಯಿತು. ಒಪ್ಪಿಕೊಂಡಿದ್ದ ಸೀಸನ್ ಆಡಿ ಮುಗಿಸಿದ. ಕಾರ್ಡಿನಲ್ಸ್ ಕೊಡಲು ಬಂದ 36 ಲಕ್ಷ ಡಾಲರಿನ ಕರಾರು ಬೇಡವೆಂದ. 2002ರಲ್ಲಿ ಮದುವೆಯಾಗಿ, ಕೆಲವೇ ವಾರಗಳಲ್ಲಿ ಬೇಸ್‌ಬಾಲ್ ಆಡುತ್ತಿದ್ದ ತಮ್ಮ ಕೆವಿನ್ ಜೊತೆ ಸೇನೆ ಸೇರಿದ. ಯಾಕೆ ಅಂತ ಪತ್ರಕರ್ತರಿಗೆ ಹೇಳಲೇ ಇಲ್ಲ. ಒಂದೇ ಒಂದು ಸಂದರ್ಶನ ಕೊಡಲಿಲ್ಲ. ಮುಂದಿನ ಕಥೆಗೆಲ್ಲ ಈ ಮೌನವೇ ಮುಖ್ಯ ಅನ್ನಿಸುತ್ತದೆ ನನಗೆ.

2004ರ ಏಪ್ರಿಲ್ 22, ಅಫ್ಘಾನಿಸ್ತಾನದ ಖೋಸ್ತ್ ಪ್ರಾಂತ್ಯ. ಕೆಟ್ಟು ನಿಂತ ಒಂದು ಹಮ್ವೀ ಗಾಡಿಯ ದೆಸೆಯಿಂದ ತುಕಡಿಯನ್ನು ಎರಡು ಭಾಗ ಮಾಡಿದ್ದರು. ಪ್ಯಾಟ್ ಮುಂದಿನ ಗುಂಪಿನಲ್ಲಿ, ಕೆವಿನ್ ಹಿಂದಿನದರಲ್ಲಿ. ಕಣಿವೆಯಲ್ಲಿ ಹಿಂದಿನವರ ಮೇಲೆ ದಾಳಿಯಾಯಿತು. ಸಹಾಯಕ್ಕೆಂದು ಪ್ಯಾಟ್ ಗುಡ್ಡ ಹತ್ತಿದ. ಕಣಿವೆಯಿಂದ ಹೊರಬಂದ ಸ್ವಂತ ಸೈನಿಕರೇ ಶತ್ರು ಅಂದುಕೊಂಡು ಗುಂಡು ಹಾರಿಸಿದರು. ಪ್ಯಾಟ್ ಸತ್ತ. ಅವನ ಜೊತೆಗಿದ್ದ, ಅಮೆರಿಕನ್ನರ ಪರ ಹೋರಾಡುತ್ತಿದ್ದ ಅಫ್ಘನ್ ಹೋರಾಟಗಾರನೂ ಸತ್ತ. ಪ್ಯಾಟ್‌ಗೆ ಆಗ 27 ವರ್ಷ.

ಅಲ್ಲಿದ್ದವರಿಗೆ ನಿಜ ಬೇಗನೆ ಗೊತ್ತಾಯಿತು. ಅವನ ಸಮವಸ್ತ್ರ, ಗುಂಡುನಿರೋಧಕ ಕವಚ ಸುಟ್ಟುಹಾಕಿದರು. ಪಕ್ಕದಲ್ಲೇ ಇದ್ದ ಸೈನಿಕ ಬ್ರಯಾನ್ ಓನೀಲ್‌ಗೆ, ಕೆವಿನ್ ಹತ್ತಿರ ಬಾಯಿಬಿಡಬೇಡ ಅಂತ ಆದೇಶವಾಯಿತು. ಒಂದೇ ತುಕಡಿಯ ಸ್ವಂತ ತಮ್ಮನಿಗೂ ಹೇಳಬಾರದಂತೆ! ಏಪ್ರಿಲ್ 29ರಂದು ಜನರಲ್ ಮೆಕ್‌ಕ್ರಿಸ್ಟಲ್ ಮೇಲಿನವರಿಗೆ ಸಂದೇಶ ಕಳಿಸಿ, ಇದು ನಮ್ಮವರದೇ ಗುಂಡಾಗಿರಬಹುದು, ಅಧ್ಯಕ್ಷರು ಭಾಷಣದಲ್ಲಿ ಮುಜುಗರಕ್ಕೆ ಸಿಕ್ಕಿಬೀಳಬಾರದು ಅಂತ ಎಚ್ಚರಿಸಿದರು. ಮನೆಯವರನ್ನು ಎಚ್ಚರಿಸಿದವರಿಲ್ಲ. ಅದೇ ವಾರ ಇರಾಕ್‌ನ ಅಬು ಗ್ರೈಬ್ ಜೈಲಿನಲ್ಲಿ ಅಮೆರಿಕದ ಸೈನಿಕರು ಕೈದಿಗಳನ್ನು ಹಿಂಸಿಸಿದ ಚಿತ್ರಗಳು ಹೊರಬಿದ್ದಿದ್ದವು. ಸೇನೆಗೆ ಒಬ್ಬ ವೀರ ಬೇಕಿದ್ದ, ಅಲ್ವಾ? ಮೇ 3ರಂದು ಸ್ಯಾನ್ ಹೋಸೆಯ ಶ್ರದ್ಧಾಂಜಲಿ ಸಭೆ ಟಿವಿಯಲ್ಲಿ ನೇರ ಪ್ರಸಾರವಾಯಿತು. ಶತ್ರುವಿನ ಗುಂಡಿನ ಕಥೆಯನ್ನೇ ಓದಿ ಹೇಳಿದರು. ತನಗೆ ಸೇನೆಯ ಅಂತ್ಯಕ್ರಿಯೆ ಬೇಡ ಅಂತ ಅವನು ಮೊದಲೇ ಬರೆದುಕೊಟ್ಟಿದ್ದ!

ಸೇನೆ ನಿಜ ಒಪ್ಪಿಕೊಂಡಿದ್ದು ಅವನು ಸತ್ತ ಐದು ವಾರಕ್ಕೆ. ತಾಯಿ ಮೇರಿ ಅಷ್ಟಕ್ಕೆ ಬಿಡಲಿಲ್ಲ. ಕಾಗದಗಳನ್ನು ತರಿಸಿ ಓದುತ್ತಾ, ಪ್ರಶ್ನೆ ಕೇಳುತ್ತಾ ವರ್ಷಗಟ್ಟಲೆ ಬೆನ್ನುಬಿದ್ದರು. 2007ರಲ್ಲಿ ಅಮೆರಿಕದ ಸಂಸತ್ತು ವಿಚಾರಣೆ ನಡೆಸಿತು. ಓನೀಲ್ ಅಲ್ಲಿ ಬಾಯಿಬಿಟ್ಟ. ಸೇನೆಯ ವಿಶೇಷ ಪಡೆಗಳ ಮುಖ್ಯಸ್ಥನಾಗಿದ್ದ ನಿವೃತ್ತ ಜನರಲ್ ಫಿಲಿಪ್ ಕೆನ್ಸಿಂಗರ್‌ಗೆ ಛೀಮಾರಿ ಬಿತ್ತು. ಜೈಲಿಗೆ ಯಾರೂ ಹೋಗಲಿಲ್ಲ.

ಸತ್ತ ಮೇಲೆ ಪ್ಯಾಟ್‌ಗೆ ಕೊಟ್ಟ ಸಿಲ್ವರ್ ಸ್ಟಾರ್ ಶೌರ್ಯ ಪದಕವನ್ನೂ ಹಿಂದಕ್ಕೆ ಪಡೆಯಲಿಲ್ಲ. ಅದರ ಒಕ್ಕಣೆಯನ್ನು ಮಾತ್ರ ತಿದ್ದಿ ಬರೆದರು.