ಸ್ಟೋನ್‌ಹೆಂಜ್ ಪಕ್ಕದ ಖಾಲಿ ಹುಲ್ಲಿಗಾಗಿ ಒಂದು ಜಗಳ

2013ರ ಬೇಸಿಗೇಲಿ ಇಂಗ್ಲೆಂಡಿನ ಸ್ಟೋನ್‌ಹೆಂಜ್ ಅನ್ನೋ ಸಾವಿರಾರು ವರ್ಷ ಹಳೇ ಕಲ್ಲಿನ ವೃತ್ತದ ಹತ್ರ ಹುಲ್ಲಿಗೆ ನೀರು ಬಿಡೋ ಪೈಪಿನ ಉದ್ದ ಸಾಲ್ಲಿಲ್ಲ. ಕಲ್ಲಿನ ವೃತ್ತದ ಒಂದು ಬದಿಗೆ ನೀರು ಮುಟ್ಟಲೇ ಇಲ್ಲ, ಆ ಕಡೆ ಹುಲ್ಲು ಒಣಗ್ತು, ಒಣಗಿದ ಹುಲ್ಲಿನ ಮಧ್ಯೆ ಇನ್ನೂ ಜಾಸ್ತಿ ಒಣಗಿದ ಮಚ್ಚೆಗಳು ಅಲ್ಲಿ ಕೆಲಸ ಮಾಡೋರ ಕಣ್ಣಿಗೆ ಬಿದ್ವು. ಅವಿದ್ದದ್ದು ಎಲ್ಲಿ ಅಂತೀರಾ, ವೃತ್ತ ಪೂರ್ತಿ ಇದ್ದಿದ್ರೆ ಕಲ್ಲುಗಳು ನಿಂತಿರಬೇಕಿತ್ತಲ್ಲ, ಸರಿಯಾಗಿ ಅಲ್ಲೇ! ಒಂದ್ಸಲ ಅಗೆದು ಮುಚ್ಚಿದ ಮಣ್ಣು ಎಷ್ಟೇ ಸಾವಿರ ವರ್ಷ ಆದ್ರೂ ಅಕ್ಕಪಕ್ಕದ ಮಣ್ಣಿನ ಥರ ನೀರು ಹಿಡಿಯಲ್ಲ, ಹಾಗಾಗಿ ಅದರ ಮೇಲಿನ ಹುಲ್ಲಿಗೂ ಅದು ಗೊತ್ತಾಗುತ್ತೆ. ವೃತ್ತ ಯಾವತ್ತಾದ್ರೂ ಪೂರ್ತಿ ಆಗಿತ್ತಾ ಇಲ್ವಾ ಅಂತ ಪಂಡಿತರು ಬಹಳ ಕಾಲದಿಂದ ಜಗಳ ಆಡ್ತಿದ್ರು, ಆಗಿತ್ತು ಅನ್ನೋರಿಗೆ ಒಂದು ಗಿಡ್ಡ ಪೈಪು ಸಾಕ್ಷಿ ತಂದುಕೊಡ್ತು.

ಇದನ್ನ ಮೊದಲೇ ಯಾಕೆ ಹೇಳಿದೆ ಅಂದ್ರೆ, ಅಲ್ಲಿ ರಸ್ತೆ ಬೇಡ ಅಂತ ವರ್ಷಗಟ್ಟಲೆ ನಡೆದ ಗಲಾಟೆ ಅರ್ಥ ಆಗಬೇಕಾದ್ರೆ ಈ ಹುಲ್ಲಿನ ವಿಷಯ ತಲೇಲಿ ಇರಬೇಕು. ಕಲ್ಲಿಗೆ ಏನೂ ಆಗಲ್ಲ ಅಂತ ಸರ್ಕಾರ ಹೇಳ್ತಾನೇ ಇತ್ತು, ಅದು ಸುಳ್ಳೂ ಅಲ್ಲ. ಜಗಳ ಇದ್ದದ್ದು ಏನೂ ಇಲ್ಲ ಅಂತ ಕಾಣೋ ಜಾಗದ ಬಗ್ಗೆ.

ಇಂಗ್ಲೆಂಡಿನ ವಿಲ್ಟ್‌ಶೈರ್‌ನಲ್ಲಿ ಎ303 ಅಂತ ಒಂದು ಹೆದ್ದಾರಿ ಇದೆ, ಲಂಡನ್ ಕಡೆಯಿಂದ ನೈಋತ್ಯ ಇಂಗ್ಲೆಂಡಿಗೆ ಹೋಗೋರ ಮುಖ್ಯ ದಾರಿ. ಅದು ಸ್ಟೋನ್‌ಹೆಂಜ್‌ನಿಂದ ಹೆಚ್ಚೂಕಮ್ಮಿ 165 ಮೀಟರ್ ದೂರದಲ್ಲೇ ಹಾದುಹೋಗುತ್ತೆ, ಅಲ್ಲಿ ಹೋಗೋಕೊಂದು ಬರೋಕೊಂದು ಲೇನ್ ಅಷ್ಟೇ, ರಜಾದಿನ ಬಂತು ಅಂದ್ರೆ ಗಾಡಿಗಳು ಸಾಲುಗಟ್ಟಿ ನಿಂತುಬಿಡ್ತವೆ. ಸುತ್ತಲಿನ ಹಳ್ಳಿ ಜನ ತಮ್ಮ ಸಣ್ಣ ಬೀದಿಗಳಲ್ಲಿ ನುಗ್ಗೋ ಗಾಡಿಗಳಿಂದ ಸುಸ್ತಾಗಿದಾರೆ, ಅವರ ಕಷ್ಟ ಸುಳ್ಳಲ್ಲ. ಇದಕ್ಕೆ ಪರಿಹಾರ ಅಂತ ಬಂದಿದ್ದು ಸುಮಾರು 3.3 ಕಿಲೋಮೀಟರ್ ಉದ್ದದ ಸುರಂಗ, ಒಟ್ಟು 13 ಕಿಲೋಮೀಟರ್ ಹೊಸ ರಸ್ತೆ, ಮೊದಲು 170 ಕೋಟಿ ಪೌಂಡ್ ಅಂದದ್ದು ಆಮೇಲೆ 250 ಕೋಟಿ ಹತ್ರ ಹೋಯ್ತು. ಕಲ್ಲಿನ ಪಕ್ಕದ ಗಾಡಿ, ಸದ್ದು, ಹೊಗೆ ಎಲ್ಲ ಮಾಯ. ಕೇಳೋಕೆ ಚೆನ್ನಾಗೇ ಇದೆ ಅಲ್ವಾ? ಸ್ಟೋನ್‌ಹೆಂಜ್ ನೋಡ್ಕೊಳೋ ಇಂಗ್ಲಿಷ್ ಹೆರಿಟೇಜ್, ಸುತ್ತಲಿನ ತುಂಬಾ ಜಮೀನು ಇಟ್ಕೊಂಡಿರೋ ನ್ಯಾಷನಲ್ ಟ್ರಸ್ಟ್, ಇಬ್ಬರೂ ಇದಕ್ಕೆ ಹೂಂ ಅಂದಿದ್ರು. ಪರಂಪರೆ ಕಾಯೋರು ಒಂದು ಕಡೆ, ರಸ್ತೆ ಮಾಡೋರು ಇನ್ನೊಂದು ಕಡೆ ಅಂತ ಸಿನಿಮಾ ಥರ ಇರಲಿಲ್ಲ ಇದು.

ತೊಡಕು ಇದ್ದದ್ದು ಸುರಂಗದ ಬಾಯಲ್ಲಿ. 1986ರಲ್ಲಿ ಯುನೆಸ್ಕೊ ವಿಶ್ವಪರಂಪರೆ ಪಟ್ಟಿಗೆ ಸೇರಿಸಿದ್ದು ಬರೀ ಕಲ್ಲನ್ನಲ್ಲ, ಸ್ಟೋನ್‌ಹೆಂಜ್ ಸುತ್ತಲಿನ ಸುಮಾರು 26 ಚದರ ಕಿಲೋಮೀಟರ್ ಜಾಗವನ್ನೂ. ಈ ಜಾಗ ಪೂರ್ವದಿಂದ ಪಶ್ಚಿಮಕ್ಕೆ 5 ಕಿಲೋಮೀಟರಿಗಿಂತ ಜಾಸ್ತಿ ಅಗಲ ಇದೆ, ಸುರಂಗ ಇದ್ದದ್ದು 3.3. ಅಂದ್ಮೇಲೆ ಸುರಂಗದ ಎರಡೂ ಬಾಯಿ ಪರಂಪರೆ ಜಾಗದ ಒಳಗೇ ಬೀಳುತ್ತೆ, ಪಶ್ಚಿಮದ ಕಡೆ ರಸ್ತೆ ಮೇಲೆ ಬರೋಕೆ ಸುಮಾರು ಒಂದು ಕಿಲೋಮೀಟರ್ ಉದ್ದಕ್ಕೆ ಸುಣ್ಣದ ನೆಲವನ್ನ ಆಳವಾಗಿ ಸೀಳಬೇಕು. ಹಾಗೆ ಸೀಳಿದ ಜಾಗದಲ್ಲಿ ಏನಿತ್ತು ಅಂತ ಆಮೇಲೆ ಕೇಳೋಕೆ ಆಗಲ್ಲ.

ಏನಿರುತ್ತೆ ಅಂತೀರಾ? ನೆಲ ಅಗೆಯದೇ ಒಳಗೇನಿದೆ ನೋಡೋ ಉಪಕರಣಗಳು ಈಗ ಚೆನ್ನಾಗಿ ಬೆಳೆದಿವೆ. ಮ್ಯಾಗ್ನೆಟೋಮೀಟರ್ ಅಂತ ಒಂದಿದೆ, ಅದು ನೆಲದ ಕಾಂತತೆ ಅಳೆಯುತ್ತೆ. ಮೇಲ್ಮಣ್ಣಲ್ಲಿ ಕಬ್ಬಿಣದ ಆಕ್ಸೈಡುಗಳು ಜಾಸ್ತಿ, ಬೆಂಕಿ ಬಿದ್ದ ಮಣ್ಣಲ್ಲಂತೂ ಇನ್ನೂ ಜಾಸ್ತಿ ಕಾಂತತೆ, ಸುಣ್ಣದ ಬಂಡೇಲಿ ಅದು ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ. ಯಾರೋ 4,500 ವರ್ಷದ ಹಿಂದೆ ಸುಣ್ಣದ ನೆಲದಲ್ಲಿ ಗುಂಡಿ ತೋಡಿ, ಅದು ನಿಧಾನಕ್ಕೆ ಮೇಲ್ಮಣ್ಣಿಂದ ತುಂಬಿಕೊಂಡ್ರೆ, ಮೇಲಿಂದ ಕಾಣೋದು ಬರೀ ಹುಲ್ಲು, ಆದರೆ ಯಂತ್ರದ ಪರದೆ ಮೇಲೆ ಅದು ಕಪ್ಪು ಚುಕ್ಕಿ. ಇಂಥ ಸರ್ವೇಗಳ ಬಲದಿಂದಲೇ 2020ರಲ್ಲಿ ಪುರಾತತ್ವಜ್ಞ ವಿನ್ಸ್ ಗ್ಯಾಫ್ನಿ ತಂಡ ಸ್ಟೋನ್‌ಹೆಂಜ್ ಹತ್ರದ ಡರಿಂಗ್ಟನ್ ವಾಲ್ಸ್ ಅನ್ನೋ ಹಳೇ ನೆಲೆಯ ಸುತ್ತ ಭಾರಿ ಗುಂಡಿಗಳ ಬಳೆ ಸಿಕ್ಕಿದೆ ಅಂತ ಹೇಳಿದ್ದು. ಒಂದೊಂದು ಗುಂಡಿ ಸುಮಾರು 10 ಮೀಟರ್ ಅಗಲ, 5 ಮೀಟರ್ ಆಳ, ಬಳೆಯ ಅಡ್ಡಳತೆ ಎರಡು ಕಿಲೋಮೀಟರ್! ಇವು ಸುಣ್ಣದ ನೆಲ ತಾನಾಗೇ ಕುಸಿದಿರೋ ಹೊಂಡಗಳು ಅಂತ ಬೇರೆ ತಜ್ಞರು ತಕರಾರು ತೆಗೆದ್ರು, ತೆಗೀಲಿ ಬಿಡಿ, ವಿಜ್ಞಾನ ನಡೆಯೋದೇ ಹಂಗೆ. ಆದ್ರೆ ತಕರಾರು ಬಗೆಹರಿಸೋಕೆ ಮತ್ತೆ ಅಲ್ಲಿಗೆ ಹೋಗಬಹುದು, ಕೊರೆದು ಮಣ್ಣು ತೆಗೆದು ನೋಡಬಹುದು, ಯಾಕಂದ್ರೆ ನೆಲ ಇನ್ನೂ ಅಲ್ಲೇ ಇದೆ.

ನನಗೆ ತುಂಬಾ ಇಷ್ಟವಾದ ಜಾಗ ಅಂದ್ರೆ ಬ್ಲಿಕ್ ಮೀಡ್. ಏಮ್ಸ್‌ಬರಿ ಊರ ಹತ್ರ, ಎ303ರ ಪಕ್ಕದಲ್ಲೇ ಒಂದು ಬುಗ್ಗೆ, ವರ್ಷಪೂರ್ತಿ ನೀರಿನ ಉಷ್ಣತೆ ಹೆಚ್ಚೂಕಮ್ಮಿ ಒಂದೇ. 2005ರಿಂದ ಪುರಾತತ್ವಜ್ಞ ಡೇವಿಡ್ ಜಾಕ್ಸ್ ತಂಡ ಅಲ್ಲಿ ಅಗೆಯೋಕೆ ಶುರು ಮಾಡ್ತು, ಸಿಕ್ಕಿದ್ದು ಕಲ್ಲು ನಿಲ್ಲಿಸೋಕೂ ಸಾವಿರಾರು ವರ್ಷ ಮೊದಲಿನ ಬೇಟೆಗಾರರ ನೆಲೆ. ಕಾಡುದನಗಳ ಮೂಳೆ, ರಾಶಿ ರಾಶಿ ಚಕಮಕಿ ಕಲ್ಲಿನ ಚೂರು. ಆ ನೀರಲ್ಲಿದ್ದ ಕಲ್ಲನ್ನ ಆಚೆ ತೆಗೆದಿಟ್ರೆ ಸ್ವಲ್ಪ ಹೊತ್ತಲ್ಲಿ ಢಾಳು ಗುಲಾಬಿ ಬಣ್ಣಕ್ಕೆ ತಿರುಗುತ್ತೆ, ಹಿಲ್ಡೆನ್‌ಬ್ರಾಂಡಿಯಾ ಅನ್ನೋ ಪಾಚಿಯ ಕೆಲಸ. ಆ ಜನಕ್ಕೆ ಇದನ್ನ ನೋಡಿ ಏನನ್ನಿಸಿರಬಹುದು ಅಂತ ಯೋಚಿಸ್ತಾ ಕೂತ್ರೆ ಹೊತ್ತು ಹೋಗೋದೇ ಗೊತ್ತಾಗಲ್ಲ.

ಮೂಳೆಗಳು ಅಲ್ಲಿ ಅಷ್ಟು ಚೆನ್ನಾಗಿ ಉಳಿದಿರೋದಕ್ಕೆ ಕಾರಣ ಒದ್ದೆ ಮಣ್ಣು. ನೀರು ತುಂಬಿದ ಮಣ್ಣಿಗೆ ಗಾಳಿ ಹೋಗಲ್ಲ, ಆಮ್ಲಜನಕ ಇಲ್ಲ ಅಂದ್ರೆ ಕೊಳೆಸೋ ಜೀವಿಗಳ ಆಟ ನಡೆಯಲ್ಲ. ನೀರಿನ ಮಟ್ಟ ಸ್ವಲ್ಪ ಇಳಿದ್ರೂ ಸಾಕು, ಸಾವಿರಾರು ವರ್ಷ ತಡ್ಕೊಂಡಿದ್ದು ಕೆಲವೇ ವರ್ಷದಲ್ಲಿ ಹಾಳಾಗೋಕೆ ಶುರುವಾಗುತ್ತೆ. ಸುರಂಗ, ಅದರ ಜೊತೆ ಹತ್ರದಲ್ಲೇ ಬರಬೇಕಿದ್ದ ಫ್ಲೈಓವರ್ ಇವೆಲ್ಲ ನೀರಿನ ಮಟ್ಟ ಕೆಡಿಸುತ್ತೆ ಅನ್ನೋದು ಜಾಕ್ಸ್ ತಂಡದ ಭಯ, ಕೆಡಿಸಲ್ಲ ಅನ್ನೋದು ರಸ್ತೆಯವರ ಲೆಕ್ಕ.

ರಸ್ತೆ ಮಾಡೋಕೆ ಮುಂಚೆ ಎಲ್ಲಾ ಅಗೆದು ದಾಖಲೆ ಮಾಡ್ಕೊಂಡ್ರೆ ಆಯ್ತಲ್ಲ, ಅಂತ ಯಾರಾದ್ರೂ ಕೇಳಬಹುದು. ಅಲ್ಲೂ ಜಗಳ ಬಂತು. ಉಳುಮೆಯ ಮೇಲ್ಮಣ್ಣಲ್ಲೇ ಹಳೇ ಜನರ ಕಲ್ಲಿನ ಚೂರುಗಳು ಚದುರಿರ್ತವೆ, ಅದನ್ನ ಪೂರ್ತಿ ಜರಡಿ ಹಿಡೀಬೇಕು, ಸ್ಯಾಂಪಲ್ಲಿಗೆ ಒಂಚೂರು ಹಿಡಿದ್ರೆ ಉಳಿದದ್ದೆಲ್ಲ ಹೋಗುತ್ತೆ ಅಂತ ಮೈಕ್ ಪಾರ್ಕರ್ ಪಿಯರ್ಸನ್ ಥರದ ದೊಡ್ಡ ಪುರಾತತ್ವಜ್ಞರೇ ಹೇಳಿದ್ರು. ಉತ್ಖನನ ಅಂದ್ರೆ ಪುಸ್ತಕದ ಹಾಳೆ ಓದಿದ ಕೂಡಲೇ ಹರಿದು ಒಲೆಗೆ ಹಾಕೋ ಹಾಗೆ, ಇವತ್ತಿನ ಕಣ್ಣಿಗೆ ಕಂಡಷ್ಟೇ ಲಾಭ. 1980ರಲ್ಲಿ ಇದೇ ರಸ್ತೆ ಅಗೆದಿದ್ರೆ ಮಣ್ಣಿಂದ ಹಳೇ ಡಿಎನ್‌ಎ ತೆಗೀಬಹುದು ಅಂತ ಯಾರಿಗಾದ್ರೂ ಹೊಳೀತಿತ್ತಾ?

ಇನ್ನು ಕೋರ್ಟು ಕಥೆ ಚುಟುಕಾಗಿ. ಪರಿಶೀಲನೆ ಮಾಡಿದ ಸರ್ಕಾರಿ ಅಧಿಕಾರಿಗಳೇ ಬೇಡ ಅಂದ್ರೂ 2020ರ ನವೆಂಬರಲ್ಲಿ ಸಾರಿಗೆ ಮಂತ್ರಿ ಗ್ರಾಂಟ್ ಶಾಪ್ಸ್ ಒಪ್ಪಿಗೆ ಕೊಟ್ರು. ಎರಡು ಲಕ್ಷಕ್ಕೂ ಜಾಸ್ತಿ ಜನ ವಿರೋಧದ ಮನವಿಗೆ ಸಹಿ ಹಾಕಿದ್ರು. ಉದ್ದದ ಸುರಂಗದಂಥ ಬೇರೆ ದಾರಿಗಳನ್ನ ಮಂತ್ರಿ ಸರಿಯಾಗಿ ನೋಡಿಲ್ಲ ಅಂತ 2021ರ ಜುಲೈನಲ್ಲಿ ಹೈಕೋರ್ಟ್ ಒಪ್ಪಿಗೆ ರದ್ದು ಮಾಡ್ತು. 2023ರಲ್ಲಿ ಸರ್ಕಾರ ಮತ್ತೆ ಒಪ್ಪಿಗೆ ಕೊಡ್ತು, ಈ ಸಲ ಕೋರ್ಟಲ್ಲಿ ವಿರೋಧಿಗಳಿಗೆ ಸೋಲು. ಆದ್ರೆ 2024ರ ಜುಲೈನಲ್ಲಿ ಹೊಸ ಸರ್ಕಾರದ ಹಣಕಾಸು ಮಂತ್ರಿ ರೇಚಲ್ ರೀವ್ಸ್ ದುಡ್ಡಿಲ್ಲ ಅಂತ ಯೋಜನೇನೇ ಕೈಬಿಟ್ರು. ಅದಾಗಿ ಅಕ್ಟೋಬರಲ್ಲಿ ವಿರೋಧಿಗಳು ಮೇಲ್ಮನವೀಲೂ ಸೋತ್ರು, ಅಂದ್ರೆ ಆಗಲೇ ರದ್ದಾಗಿದ್ದ ರಸ್ತೆ ವಿರುದ್ಧದ ಕೇಸು ಸೋತ್ರು! ಪುರಾತತ್ವದ ಅಷ್ಟೆಲ್ಲ ವಾದ ನಿಲ್ಲಿಸಲಾರದ್ದನ್ನ ಒಂದು ಬಜೆಟ್ ನಿಲ್ಲಿಸ್ತು.

ಎ303 ಹಂಗೇ ಇದೆ. ಅಲ್ಲಿ ಬಂದಾಗ ಈಗಲೂ ಗಾಡಿಯವರು ನಿಧಾನ ಮಾಡಿ ಟಿಕೆಟ್ಟಿಲ್ಲದೆ ಕಲ್ಲು ನೋಡ್ತಾರೆ, ಹಿಂದಿನವರು ಹಾರ್ನ್ ಹೊಡೀತಾರೆ.