ಜೋತುಬಿದ್ದ ರೆಪ್ಪೆಯ ಹಿಂದೆ

ಇದ್ದಕ್ಕಿದ್ದಂತೆ ಒಂದು ಕಣ್ಣಿನ ರೆಪ್ಪೆ ಜೋತುಬಿತ್ತು. ಬೆರಳಿಂದ ಎತ್ತಿ ನೋಡಿದರೆ ಎಲ್ಲವೂ ಎರಡೆರಡಾಗಿ ಕಾಣುತ್ತಿದೆ. ಜೊತೆಗೆ ತಲೆನೋವು. ನಿದ್ದೆ ಸಾಲದೆ ಹೀಗಾಗಿರಬೇಕು ಎಂದು ಮಲಗಿಬಿಡಬೇಡಿ. ಕನ್ನಡಕದ ಅಂಗಡಿಗೂ ಹೋಗಬೇಡಿ. ತಲೆಯ ಸ್ಕ್ಯಾನ್ ಮಾಡುವ ಆಸ್ಪತ್ರೆಗೆ ತಕ್ಷಣ ಹೋಗಬೇಕು.

ರೆಪ್ಪೆ ಎತ್ತುವುದು, ಕಣ್ಣು ಹೊರಳಿಸುವ ಆರು ಸ್ನಾಯುಗಳಲ್ಲಿ ನಾಲ್ಕನ್ನು ಆಡಿಸುವುದು, ಬೆಳಕಿಗೆ ಪಾಪೆಯನ್ನು ಕಿರಿದಾಗಿಸುವುದು, ಇಷ್ಟೂ ಕೆಲಸ ಮಿದುಳಿನಿಂದ ಹೊರಡುವ ಮೂರನೇ ನರದ್ದು. ಅದು ಮಿದುಳಿನ ಬುಡದಲ್ಲಿ ಒಂದು ರಕ್ತನಾಳದ ಮಗ್ಗುಲಲ್ಲೇ ಹಾದುಹೋಗುತ್ತದೆ. ಆ ನಾಳದ ಗೋಡೆ ತೆಳುವಾದ ಕಡೆ, ಹಳೆಯ ಸೈಕಲ್ ಟ್ಯೂಬಿನ ಹಾಗೆ, ಉಬ್ಬಿಕೊಳ್ಳಬಹುದು. ಇದೇ ಅನ್ಯೂರಿಸಂ. ಉಬ್ಬು ನರವನ್ನು ಒತ್ತುತ್ತದೆ. ಪಾಪೆಯನ್ನು ಕಿರಿದಾಗಿಸುವ ಎಳೆಗಳು ನರದ ಹೊರಮೈಯಲ್ಲೇ ಇರುವುದರಿಂದ ಒತ್ತಡ ಮೊದಲು ತಟ್ಟುವುದು ಅವಕ್ಕೆ. ಪಾಪೆ ದೊಡ್ಡದಾಗುತ್ತದೆ, ಟಾರ್ಚ್ ಬಿಟ್ಟರೂ ಕುಗ್ಗುವುದಿಲ್ಲ. ಸಕ್ಕರೆ ಕಾಯಿಲೆಯಿಂದಲೂ ಈ ನರ ಸೋಲುತ್ತದೆ. ಆಗ ಪೆಟ್ಟು ಬೀಳುವುದು ನರದ ಒಳಭಾಗಕ್ಕೆ, ಪಾಪೆ ಸಾಮಾನ್ಯವಾಗಿ ಉಳಿಯುತ್ತದೆ. ಹಾಗಂತ ಪಾಪೆ ಸರಿಯಿದೆ ಎಂದು ಮನೆಯಲ್ಲೇ ತೀರ್ಮಾನಿಸುವುದು ಅಪಾಯ. ಉಬ್ಬು ಒಡೆದರೆ ಮಿದುಳಿನ ಸುತ್ತ ರಕ್ತ ಚೆಲ್ಲಿ ಜೀವವೇ ಹೋಗಬಹುದು. ಒಡೆಯುವ ಮೊದಲೇ ಗೊತ್ತಾದರೆ ಕ್ಲಿಪ್ ಹಾಕಿಯೋ, ಒಳಗೆ ಸಣ್ಣ ಲೋಹದ ಸುರುಳಿ ತುಂಬಿಯೋ ಅದನ್ನು ಮುಚ್ಚುತ್ತಾರೆ.

ಪಾಪೆ ಚಿಕ್ಕದಾದರೂ ಹುಷಾರಾಗಿರಬೇಕು. ಕುತ್ತಿಗೆ ಉಳುಕಿದ ಮೇಲೆ ಅಲ್ಲೇ ನೋವು, ಅದೇ ಕಡೆ ರೆಪ್ಪೆ ಸ್ವಲ್ಪ ಇಳಿದಿದೆ, ಪಾಪೆ ಚಿಕ್ಕದಾಗಿದೆ ಎಂದರೆ ಕತ್ತಿನ ದೊಡ್ಡ ರಕ್ತನಾಳದ ಒಳಪದರ ಸೀಳಿರಬಹುದು. ಪಾಪೆಯನ್ನು ಹಿಗ್ಗಿಸುವ ನರದ ಎಳೆಗಳು ಆ ನಾಳಕ್ಕೆ ಸುತ್ತಿಕೊಂಡೇ ಮೇಲೇರುತ್ತವೆ. ಕತ್ತಲಲ್ಲಿ ಇನ್ನೊಂದು ಪಾಪೆ ಹಿಗ್ಗುತ್ತದೆ, ಇದು ಹಿಗ್ಗುವುದಿಲ್ಲ. ಹಾಗಾಗಿ ವ್ಯತ್ಯಾಸ ಮಂದ ಬೆಳಕಲ್ಲೇ ಚೆನ್ನಾಗಿ ಕಾಣುತ್ತದೆ. ಸೀಳಿದ ಜಾಗದಲ್ಲಿ ಹೆಪ್ಪುಗಟ್ಟಿದ ರಕ್ತ ಮಿದುಳಿಗೆ ಹೋದರೆ ಪಾರ್ಶ್ವವಾಯು.

ನನಗೆ ಜಾಸ್ತಿ ಭಯ ಹುಟ್ಟಿಸುವುದು ನೋವೇ ಇಲ್ಲದ ಲಕ್ಷಣ. ಒಂದು ಕಣ್ಣಿಗೆ ಪರದೆ ಇಳಿದಂತೆ ಕತ್ತಲು ಕವಿದು, ಕೆಲವು ನಿಮಿಷಗಳಲ್ಲಿ ಮತ್ತೆ ಸರಿಹೋಗುತ್ತದೆ. ಸರಿಹೋಯಿತಲ್ವಾ ಎಂದು ಮರೆತುಬಿಡುತ್ತಾರೆ. ಅದು ಪಾರ್ಶ್ವವಾಯುವಿನ ಮುನ್ಸೂಚನೆ ಇರಬಹುದು, ಅದೇ ದಿನ ತೋರಿಸಬೇಕು. ಬಗ್ಗಿದಾಗ ಕ್ಷಣಕಾಲ ಕಣ್ಣು ಕತ್ತಲಾಗಿ ಬೆಳಿಗ್ಗೆ ತಲೆನೋವೂ ಇದ್ದರೆ ತಲೆಯೊಳಗಿನ ಒತ್ತಡ ಏರಿರಬಹುದು.

ಸುಮಾರು ಐವರಲ್ಲಿ ಒಬ್ಬರ ಪಾಪೆಗಳಲ್ಲಿ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ, ಅದರಿಂದ ತೊಂದರೆಯಿಲ್ಲ. ಹೊಸದೋ ಹಳೆಯದೋ ತಿಳಿಯಲು ವೈದ್ಯರು ಹಳೆಯ ಫೋಟೋ ಕೇಳುತ್ತಾರೆ. ಮೊಬೈಲಿನಲ್ಲಿರುವ ಫೋಟೋ ಸಾಕು, ದಾರಿಯಲ್ಲೇ ಹುಡುಕಿಕೊಳ್ಳಬಹುದು. ಗಾಡಿ ಮಾತ್ರ ಬೇರೆಯವರು ಓಡಿಸಲಿ.